ಹಾಡು ತುಂಬಿ ಕೇಳಿಸುತ್ತಿಲ್ಲ: ಎಲೆಕ್ಟ್ರಾನಿಕ್ ಸಂಗೀತದಲ್ಲಿ ನಾದದ ಜಾಗವನ್ನು ತುಂಬುವುದು ಹೇಗೆ?

ಶಿರಾಗೇಟ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ಮಹಡಿಯ ಮೇಲಿನ ಒಂದು ಸಣ್ಣ ಕೋಣೆಯಲ್ಲಿ ಲ್ಯಾಪ್‌ಟಾಪ್, 25 ಕೀಗಳ ಒಂದು ಕೀಬೋರ್ಡ್ ಮತ್ತು ಹೆಡ್‌ಫೋನ್ ಇಟ್ಟುಕೊಂಡು ಎರಡು ವರ್ಷಗಳಿಂದ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದೇನೆ. ಈಗ ಕೈಯಲ್ಲಿರುವ ಹಾಡು ನಮ್ಮ ಕಡೆಯ ತಮಟೆಯ ತಿಶ್ರ ನಡೆಯ (ಒಂದು ಬಡಿತಕ್ಕೆ ಮೂರು ಪೆಟ್ಟು) ಮೇಲೆ ನಿಂತಿದೆ. ವೇಗ ನಿಮಿಷಕ್ಕೆ 120 ಬಡಿತ, ಶ್ರುತಿ ಎ. ಇದರಲ್ಲಿ 46 ಟ್ರ್ಯಾಕ್‌ಗಳಿವೆ. ಮೂರು ಪ್ಯಾಡ್ (ಹಿನ್ನೆಲೆಯಲ್ಲಿ ಹಾಸಿಕೊಳ್ಳುವ ನೀಳ ಸ್ವರಗಳು), ಎರಡು ಲೀಡ್ (ಮುಂದೆ ನಿಂತು ರಾಗ ನುಡಿಸುವ ಸದ್ದು), ಒಂದು ಆರ್ಪೆಜಿಯೊ (ಒಂದಾದ ಮೇಲೊಂದು ಬರುವ ಬಿಡಿ ಸ್ವರಗಳು), ತಮಟೆಯ ಆರು ಪದರ ಮತ್ತು ಉಳಿದ ಸಣ್ಣಪುಟ್ಟ ಸದ್ದುಗಳನ್ನೆಲ್ಲ ಸೇರಿಸಿದ ಮೇಲೂ ಹಾಡು ತೆಳ್ಳಗೆ ಕೇಳಿಸುತ್ತದೆ. ಏನಾದರೂ ಸೇರಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ತುಂಬಿದ ಅನುಭವ ಬರುವುದಿಲ್ಲ.

ಕಳೆದ ಗಣೇಶನ ಮೆರವಣಿಗೆಯಲ್ಲಿ ಪರಿಚಯದ ಹುಡುಗರು ಟ್ರ್ಯಾಕ್ಟರಿನ ಮೇಲಿನ ದೊಡ್ಡ ಬಾಕ್ಸ್‌ಗಳಲ್ಲಿ ಈ ಹಾಡನ್ನು ಹಾಕಿದಾಗ ನನ್ನ ಪ್ಯಾಡ್‌ಗಳು ಕೇಳಿಸಲೇ ಇಲ್ಲ. ತಮಟೆ ಮಾತ್ರ ಒಣಗಿದಂತೆ ಬಡಿಯುತ್ತಿತ್ತು. ಅಂದಿನಿಂದ ಹಾಡನ್ನು ಮತ್ತೆ ತೆರೆದು ನೋಡುವ ಮನಸ್ಸೇ ಬಂದಿರಲಿಲ್ಲ. ಇನ್ನೂ ಏನನ್ನು ಸೇರಿಸಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಗುಬ್ಬಿ ಹಾರ್ಮೋನಿಯಂ

ಮೊದಲು ಒಂದು ಮಾತು: ಸೇರಿಸುವುದನ್ನು ಇಲ್ಲಿಗೇ ನಿಲ್ಲಿಸಿ. ನಾನು ಮೂವತ್ತು ವರ್ಷ ಭಜನೆಯಲ್ಲಿ ಹಾರ್ಮೋನಿಯಂ ನುಡಿಸಿದವನು, ಹತ್ತು ವರ್ಷಗಳಿಂದ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತಿರುವವನು. ನಮ್ಮ ಹಳ್ಳಿಗಳ ಭಜನೆ ಮನೆಯಲ್ಲಿ ಶನಿವಾರ ರಾತ್ರಿ ಕೂತು ಕೇಳಿದ್ದೀರಾದರೆ ನೆನಪಿಸಿಕೊಳ್ಳಿ. ಅಲ್ಲಿರುವುದು ಒಂದು ತಬಲಾ ಜೋಡಿ, ಒಂದು ಹಾರ್ಮೋನಿಯಂ, ನಾಲ್ಕು ಜೊತೆ ತಾಳ ಮತ್ತು ಹಾಡುವವರ ಗಂಟಲು, ಇಷ್ಟೆ. ಆದರೂ ಕಿವಿಗೆ ಎಲ್ಲಿಯೂ ಖಾಲಿ ಎನಿಸುವುದಿಲ್ಲ. ಡಗ್ಗದ ಗುಮ್ಮೆನ್ನುವ ನಾದ ಕೆಳಗಿರುತ್ತದೆ, ಹಾರ್ಮೋನಿಯಂ ನಡುವೆ ಹಾಸಿಕೊಂಡಿರುತ್ತದೆ, ಗಂಟಲು ಅದರ ಮೇಲೆ ನಿಲ್ಲುತ್ತದೆ, ತಾಳದ ಕಿಣಿಕಿಣಿ ಎಲ್ಲಕ್ಕಿಂತ ಮೇಲೆ ಹೊಳೆಯುತ್ತದೆ, ಸುಣ್ಣ ಬಳಿದ ಗೋಡೆಗಳು ಇವೆಲ್ಲವನ್ನೂ ಒಂದಾಗಿ ಹಿಂದಿರುಗಿಸುತ್ತವೆ. ಪ್ರತಿಯೊಂದಕ್ಕೂ ಅದರದೇ ಎತ್ತರ, ಅದರದೇ ದೂರ ಇರುವುದರಿಂದ ನಾಲ್ಕೇ ಸದ್ದುಗಳು ಮನೆಯನ್ನು ತುಂಬುತ್ತವೆ.

ಮನುಷ್ಯನ ಕಿವಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ, ಅಂದರೆ ಸುಮಾರು ಹತ್ತು ಸ್ಥಾಯಿ. ನಿಮ್ಮ 46 ಟ್ರ್ಯಾಕ್‌ಗಳಲ್ಲಿ ಎಷ್ಟು ಟ್ರ್ಯಾಕ್‌ಗಳ ಮೂಲಸ್ವರ ಒಂದೇ ಸ್ಥಾಯಿಯಲ್ಲಿದೆ ಎಂದು ಎಣಿಸಿ ಹೇಳಬಲ್ಲಿರಾ? 25 ಕೀಗಳ ಕೀಬೋರ್ಡಿನಲ್ಲಿ ಕೈಗೆ ಸಿಗುವುದು ಎರಡೇ ಸ್ಥಾಯಿ. ಮೇಲೆ ಕೆಳಗೆ ಹೋಗುವ ಬಟನ್ ಒತ್ತುವ ಅಭ್ಯಾಸ ಇಲ್ಲದಿದ್ದರೆ ಎಲ್ಲ ಸ್ವರಗಳೂ ಅಲ್ಲಿಯೇ ಗುಂಪುಗೂಡುತ್ತವೆ. ಇದರ ಜೊತೆಗೆ ಯಾವ ಟ್ರ್ಯಾಕಿಗೆ ಯಾವ ಫಿಲ್ಟರ್ ಹಾಕಿದ್ದೀರಿ ಎಂಬುದನ್ನೂ ತಿಳಿಸಿ.

ಶಿರಾಗೇಟ್ (ತುಮಕೂರು)

ಸರ್, ಎಣಿಸಿದೆ. ಸ್ವರ ನುಡಿಸುವ 19 ಟ್ರ್ಯಾಕ್‌ಗಳಲ್ಲಿ 16 ಟ್ರ್ಯಾಕ್‌ಗಳು ಮಧ್ಯ ಸ್ಥಾಯಿಯಲ್ಲಿಯೇ ಇವೆ. ಕೆಳಗೆ 55 ಹರ್ಟ್ಜ್‌ನ ಒಂದು ಶುದ್ಧ ಸೈನ್ ಅಲೆಯ (ಉಪಸ್ವರಗಳಿಲ್ಲದ ಒಂಟಿ ಸ್ವರದ) ಬಾಸ್ ಮಾತ್ರ ಇದೆ. ಫಿಲ್ಟರ್ ವಿಷಯಕ್ಕೆ ಬಂದರೆ, ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಮತ್ತು ಬಾಸ್ ಬಿಟ್ಟು ಉಳಿದೆಲ್ಲದಕ್ಕೂ 300 ಹರ್ಟ್ಜ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ಕತ್ತರಿಸುವ ಫಿಲ್ಟರ್) ಹಾಕಬೇಕು ಎಂದು ಒಂದು ಪಾಠದಲ್ಲಿ ನೋಡಿದ್ದೆ, ಹಾಗೆಯೇ ಮಾಡಿದ್ದೇನೆ. ಪ್ಯಾಡ್‌ಗಳು ಅಗಲವಾಗಲಿ ಎಂದು ಬಲಗಡೆಯ ಸದ್ದನ್ನು 15 ಮಿಲಿಸೆಕೆಂಡ್ ತಡಮಾಡಿದ್ದೇನೆ, ಒಂದು ಪ್ಯಾಡಿಗೆ ಸ್ಟೀರಿಯೊ ಅಗಲಿಸುವ ಪ್ಲಗಿನ್ ಕೂಡ ಇದೆ.

ಗುಬ್ಬಿ ಹಾರ್ಮೋನಿಯಂ

ಹಾಗಾದರೆ ನಿಮ್ಮ ಹಾಡಿಗೆ ನಡುವಿನ ಮೈಯೇ ಇಲ್ಲ. ಕೆಳಗೆ 55 ಹರ್ಟ್ಜ್ ಇದೆ, ಮೇಲೆ 300ರ ನಂತರ ನೂಕುನುಗ್ಗಲು ಇದೆ, ಮಧ್ಯೆ 80ರಿಂದ 250 ಹರ್ಟ್ಜ್‌ವರೆಗಿನ ಭಾಗವನ್ನು ನೀವೇ ಕತ್ತರಿಸಿ ಬಿಸಾಡಿದ್ದೀರಿ. ಗಂಡಸಿನ ಧ್ವನಿಯ ತೂಕ, ಹಾರ್ಮೋನಿಯಂನ ಎದೆ, ತಮಟೆಯ ಚರ್ಮದ ಗುಂಯ್‌ಗುಡಿಕೆ ಎಲ್ಲವೂ ಇರುವುದು ಆ ಜಾಗದಲ್ಲಿಯೇ. ಎಲ್ಲದಕ್ಕೂ ಕಣ್ಣುಮುಚ್ಚಿ ಹೈಪಾಸ್ ಹಾಕುವ ಪಾಠ ಎಷ್ಟು ಹಾಡುಗಳನ್ನು ಕೆಡಿಸಿದೆ ಎಂದು ನೆನೆದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಒಂದು ಪ್ಯಾಡನ್ನು ಮಾತ್ರ ಆರಿಸಿಕೊಂಡು ಅದರ ಹೈಪಾಸ್ ಅನ್ನು 100 ಹರ್ಟ್ಜ್‌ಗೆ ಇಳಿಸಿ. ಅದೇ ಪ್ಯಾಡಿನ ಕೆಳಗಿನ ಸ್ವರವನ್ನು ಒಂದು ಸ್ಥಾಯಿ ಕೆಳಗೆ ಹಾಕಿ, ನಡುವಿನ ಸ್ವರವನ್ನು ಒಂದು ಸ್ಥಾಯಿ ಮೇಲಕ್ಕೆ ತೆಗೆಯಿರಿ. ಸ, ಗ, ಪ ಒತ್ತಿಕೊಂಡು ಕೂತಿದ್ದ ಕಡೆ ಮಂದ್ರದ ಸ, ಮಧ್ಯದ ಪ, ತಾರದ ಗ ಎಂದು ಹರಡಿಕೊಳ್ಳುತ್ತವೆ. ಸ್ವರಗಳು ಮೂರೇ ಇದ್ದರೂ ಈಗ ಅವು ಎರಡು ಸ್ಥಾಯಿಗೂ ಮೀರಿದ ಜಾಗದಲ್ಲಿ ನಿಂತಿರುತ್ತವೆ. ಹಾರ್ಮೋನಿಯಂ ಮಾಡುವವರು ಇದನ್ನು ಎಂದೋ ಅರಿತಿದ್ದರು. ಬಾಸ್ ರೀಡ್, ಮೇಲ್ ರೀಡ್ ಎಂದು ಒಂದು ಸ್ಥಾಯಿ ಅಂತರದ ಎರಡು ಸಾಲುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದ್ದು, ಕಪ್ಲರ್ ಎಳೆದರೆ ಒಂದು ಮನೆ ಒತ್ತಿದಾಗ ಇನ್ನೊಂದು ಸ್ಥಾಯಿಯ ಅದೇ ಮನೆಯೂ ತಾನಾಗಿ ಕೆಳಗಿಳಿಯುವಂತೆ ಮಾಡಿದ್ದು ಈ ಕಾರಣಕ್ಕಾಗಿಯೇ. 1884ರಲ್ಲಿ ಆರಂಭವಾದ ನಮ್ಮೂರಿನ ಗುಬ್ಬಿ ಕಂಪನಿಯ ನಾಟಕಗಳು ಮೈಕಿಲ್ಲದ ಕಾಲದಿಂದ ಬಂದಂಥವು. ಆ ಕಾಲದ ರಂಗಮಂದಿರದ ಕೊನೆಯ ಸಾಲಿನವರೆಗೂ ಸಂಗೀತ ಮುಟ್ಟುವಂತೆ ಮಾಡಲು ವಾದ್ಯದೊಳಗೆ ಇಂಥ ಏರ್ಪಾಡು ಇರಲೇಬೇಕಿತ್ತು.

ಇನ್ನು ದಪ್ಪ ಬೇಕೆಂದು ಮೂರು ಪ್ಯಾಡ್ ಹಾಕುವ ಬದಲು ಒಂದೇ ಪ್ಯಾಡಿನ ಆಸಿಲೇಟರ್‌ಗಳನ್ನು (ಸ್ವರ ಹುಟ್ಟಿಸುವ ಭಾಗಗಳನ್ನು) ತುಸು ಡಿಟ್ಯೂನ್ ಮಾಡಿ, ಅಂದರೆ ಶ್ರುತಿಯಿಂದ ಸ್ವಲ್ಪ ಸರಿಸಿ ನೋಡಿ. 440 ಹರ್ಟ್ಜ್‌ನ ಸ್ವರದ ಪಕ್ಕದಲ್ಲಿ 10 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿನ ಸ್ವರ ಇಟ್ಟರೆ ಅದು ಸುಮಾರು 442.5 ಹರ್ಟ್ಜ್ ಆಗುತ್ತದೆ. ಎರಡೂ ಸೇರಿ ಸೆಕೆಂಡಿಗೆ ಎರಡೂವರೆ ಬಾರಿ ಉಬ್ಬಿ ತಗ್ಗುತ್ತವೆ. ತಂಬೂರಿ ಶ್ರುತಿ ಮಾಡುವಾಗ ನಾವು ಹೋಗಲಾಡಿಸಲು ಹೆಣಗುವ ಅಲೆ ಇದೇ, ಸಿಂತ್‌ನಲ್ಲಿ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯದಲ್ಲಿ) ಬೇಕೆಂದು ತರಿಸಿಕೊಳ್ಳುವ ಚಲನೆಯೂ ಇದೇ. ರೋಲ್ಯಾಂಡ್ ಕಂಪನಿಯ ಜೆಪಿ-8000 ಸಿಂತ್ 1996ರಲ್ಲಿ ಬಂದಾಗ ಅದರ ಸೂಪರ್‌ಸಾ ಅಷ್ಟು ಹೆಸರು ಮಾಡಿದ್ದು, ಏಳು ಗರಗಸದ ಅಲೆಗಳನ್ನು ಹೀಗೆ ಸ್ವಲ್ಪ ಸ್ವಲ್ಪ ಸರಿಸಿ ಒಟ್ಟಿಗೆ ನುಡಿಸಿದ್ದರಿಂದ. ಒಂದು ಎಚ್ಚರಿಕೆ ಇದೆ: ಬಾಸ್‌ಗೆ ಮಾತ್ರ ಡಿಟ್ಯೂನ್ ಬೇಡ. ಕೆಳಗಿನ ಸ್ವರ ಅಲೆಯಲು ಶುರುವಾದರೆ ಹಾಡಿನ ಅಡಿಪಾಯವೇ ಅಲುಗಾಡುತ್ತದೆ.

ಅಂತರಗಂಗೆ (ಕೋಲಾರ)

ನಾನು ಕೋಲಾರ, ಮುಳಬಾಗಿಲು ಕಡೆಯ ಜಾತ್ರೆ, ಆರತಕ್ಷತೆ, ಕಾಲೇಜು ಕಾರ್ಯಕ್ರಮಗಳಿಗೆ ಸೌಂಡ್ ಮಾಡುತ್ತೇನೆ. ಟ್ರ್ಯಾಕ್ಟರಿನ ಮೇಲೆ ಪ್ಯಾಡ್‌ಗಳು ಏಕೆ ಮಾಯವಾದವು ಎಂಬುದಕ್ಕೆ ನನ್ನ ಬಳಿ ಉತ್ತರವಿದೆ. ಮೆರವಣಿಗೆಯ ಬಾಕ್ಸ್‌ಗಳನ್ನು ಸಾಮಾನ್ಯವಾಗಿ ಮೋನೊದಲ್ಲಿಯೇ ಓಡಿಸುತ್ತಾರೆ, ಅಂದರೆ ಎಡ ಮತ್ತು ಬಲ ಸೇರಿ ಒಂದೇ ಆಗುತ್ತವೆ. ರಸ್ತೆಯ ಒಂದು ಬದಿಯಲ್ಲಿ ನಿಂತವರಿಗೆ ಅರ್ಧ ಹಾಡು ಮಾತ್ರ ಕೇಳಿಸಬಾರದಲ್ಲ. ನೀವು ಬಲಗಡೆಯನ್ನು 15 ಮಿಲಿಸೆಕೆಂಡ್ ತಡಮಾಡಿದ್ದೀರಿ. ಎಡ ಬಲ ಬೇರೆ ಬೇರೆಯಾಗಿರುವಾಗ ಕಿವಿ ಇವೆರಡನ್ನೂ ಒಂದೇ ಸದ್ದಾಗಿ, ಅಗಲವಾದ ಸದ್ದಾಗಿ ಕೇಳುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕರು 1949ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದರಿಂದ ಇದಕ್ಕೆ ಅವರ ಹೆಸರೇ ಬಂದಿದೆ. ಆದರೆ ಎರಡನ್ನೂ ಒಂದೇ ತಂತಿಗೆ ಸುರಿದಾಗ ಅವು ಒಂದನ್ನೊಂದು ಅಳಿಸುತ್ತವೆ. 15 ಮಿಲಿಸೆಕೆಂಡ್ ಅಂತರಕ್ಕೆ ಸುಮಾರು 33, 100, 167, 233 ಹರ್ಟ್ಜ್ ಹೀಗೆ ಪ್ರತಿ 67 ಹರ್ಟ್ಜ್‌ಗೆ ಒಂದು ಹಳ್ಳ ಬೀಳುತ್ತದೆ. ಬಾಚಣಿಗೆಯ ಹಲ್ಲಿನ ಹಾಗೆ ಇಡೀ ಪ್ಯಾಡ್ ಸೀಳಿಹೋಗುತ್ತದೆ. ಅಗಲಿಸುವ ಪ್ಲಗಿನ್ ಒಂದು ಬದಿಯ ಅಲೆಯನ್ನು ತಲೆಕೆಳಗು ಮಾಡುವ ಬಗೆಯದಾಗಿದ್ದರಂತೂ ಮೋನೊದಲ್ಲಿ ಉಳಿಯುವುದೇನೂ ಇಲ್ಲ.

ಹಾಗೆಂದು ಅಗಲ ಬೇಡವೆಂದಲ್ಲ. ಒಂದೇ ಸದ್ದನ್ನು ನಕಲು ಮಾಡಿ ತಡಮಾಡುವ ಬದಲು ಎರಡು ಬೇರೆ ಸದ್ದುಗಳನ್ನು ಎರಡು ಬದಿಗೆ ಕೊಡಿ. ಆರ್ಪೆಜಿಯೊದ ಸ್ವರಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಹಂಚಬಹುದು. ಪ್ಯಾಡಿನ ಮಂದ್ರದ ಸ್ವರವನ್ನು ನಡುವೆ ಇಟ್ಟು, ಮೇಲಿನ ಎರಡು ಸ್ವರಗಳನ್ನು ಅರ್ಧದಷ್ಟು ಎಡಬಲಕ್ಕೆ ಸರಿಸಬಹುದು. ತಮಟೆಯನ್ನು ಎರಡು ಸಲ ಬೇರೆ ಬೇರೆಯಾಗಿ ಬಾರಿಸಿ ರೆಕಾರ್ಡ್ ಮಾಡಿ ಎರಡು ಬದಿಗಿಟ್ಟರೆ ಮನುಷ್ಯರ ಕೈಯ ಸಣ್ಣ ವ್ಯತ್ಯಾಸವೇ ಅಗಲವನ್ನು ಕೊಡುತ್ತದೆ, ಮೋನೊ ಆದಾಗಲೂ ಇಬ್ಬರು ಬಾರಿಸಿದಂತೆಯೇ ಕೇಳಿಸುತ್ತದೆ. ಸುಮಾರು 120 ಹರ್ಟ್ಜ್‌ನ ಕೆಳಗಿನದೆಲ್ಲವೂ ನಡುವೆಯೇ ಇರಲಿ. ಪ್ರತಿ ಬದಲಾವಣೆಯ ನಂತರ ಎಲ್ಲ ಟ್ರ್ಯಾಕ್ ಬಂದು ಸೇರುವ ಮಾಸ್ಟರ್‌ನಲ್ಲಿ ಮೋನೊ ಬಟನ್ ಒತ್ತಿ ಕೇಳುವುದನ್ನು ರೂಢಿಸಿಕೊಳ್ಳಿ.

55 ಹರ್ಟ್ಜ್‌ನ ಸೈನ್ ಬಾಸ್ ಬಗ್ಗೆಯೂ ಹೇಳಬೇಕು. ನಿಮ್ಮ ಹಾಡನ್ನು ಹೆಚ್ಚಿನವರು ಕೇಳುವುದು ಮೊಬೈಲಿನಲ್ಲಿ, ಮೊಬೈಲಿನ ಸ್ಪೀಕರ್ ಆ ಸ್ವರವನ್ನು ನುಡಿಸುವುದೇ ಇಲ್ಲ. ಬಾಸ್‌ಗೆ ಮೆಲ್ಲಗೆ ಸ್ಯಾಚುರೇಶನ್ (ಅಲೆಯ ಆಕಾರವನ್ನು ತುಸು ಒರಟಾಗಿಸುವುದು) ಕೊಟ್ಟರೆ 110, 165, 220 ಹರ್ಟ್ಜ್‌ಗಳಲ್ಲಿ ಅದರ ಉಪಸ್ವರಗಳು ಹುಟ್ಟುತ್ತವೆ, ಅವುಗಳ ಮೇಲೆ ಇನ್ನೂ ಹಲವು. ಮೂಲಸ್ವರ ಇಲ್ಲದಿದ್ದರೂ ಉಪಸ್ವರಗಳ ನಡುವಿನ ಅಂತರದಿಂದ ಮೆದುಳು ಆ ಸ್ವರವನ್ನು ತಾನೇ ಗ್ರಹಿಸಿಕೊಳ್ಳುತ್ತದೆ. ನಿಮ್ಮ ಹಾಡಿನ ಖಾಲಿ ನಡುಭಾಗವನ್ನು ಇದು ತಕ್ಕಮಟ್ಟಿಗೆ ತುಂಬುತ್ತದೆ.

ಗುಬ್ಬಿಯ ಹಿರಿಯರ ಮಾತಿಗೆ ಒಂದು ತಿದ್ದುಪಡಿ ಸೂಚಿಸುತ್ತೇನೆ, ತಪ್ಪು ತಿಳಿಯಬಾರದು. ಪ್ಯಾಡಿನ ಹೈಪಾಸ್ 100ಕ್ಕೆ ಇಳಿದರೆ ಹೆಡ್‌ಫೋನಿನಲ್ಲಿ ಸೊಗಸಾಗಿರುತ್ತದೆ, ಆದರೆ 18 ಇಂಚಿನ ಬಾಸ್ ಬಾಕ್ಸ್‌ಗಳು ಎಂಟು ಇರುವ ಕಡೆ ಅದು ಕಿಕ್‌ನೊಂದಿಗೆ ಜಗಳವಾಡುತ್ತದೆ. ನಾನಾಗಿದ್ದರೆ 150ಕ್ಕೆ ನಿಲ್ಲಿಸುತ್ತಿದ್ದೆ.

ಗುಬ್ಬಿ ಹಾರ್ಮೋನಿಯಂ

ತಪ್ಪೇನೂ ಇಲ್ಲ, ನೀವು ಮೈದಾನದಲ್ಲಿ ನಿಂತು ಕೇಳಿದವರು. ಆದರೂ ನಾನು ಅಂಕಿಯನ್ನು ಮೊದಲೇ ಗೊತ್ತುಮಾಡುವುದಿಲ್ಲ. 100ಕ್ಕೆ ಇಳಿಸಿ, ಕಿಕ್ ಬಡಿದಾಗಲೆಲ್ಲ ಪ್ಯಾಡ್ ಮೂರು ನಾಲ್ಕು ಡೆಸಿಬೆಲ್ ತಗ್ಗಿ ಕೂಡಲೇ ಏಳುವಂತೆ ಸೈಡ್‌ಚೈನ್ ಕಂಪ್ರೆಸರ್ ಕಟ್ಟಿದರೆ ಜಗಳ ತಪ್ಪುತ್ತದೆ, ಮೈಯೂ ಉಳಿಯುತ್ತದೆ. ಈ ವೇಗದಲ್ಲಿ ಒಂದು ಬಡಿತಕ್ಕೆ 500 ಮಿಲಿಸೆಕೆಂಡ್ ಸಿಗುತ್ತದೆ. ಕಿಕ್ ಆದ 200 ಮಿಲಿಸೆಕೆಂಡಿನೊಳಗೆ ಪ್ಯಾಡ್ ತನ್ನ ಮಟ್ಟಕ್ಕೆ ಮರಳಿದರೆ ಸಾಕು. ಒಂದೇ ಜಾಗವನ್ನು ಇಬ್ಬರು ಬೇರೆ ಬೇರೆ ಗಳಿಗೆಯಲ್ಲಿ ಬಳಸಿಕೊಳ್ಳಬಹುದಲ್ಲವೇ?

ಅಂತರಗಂಗೆ (ಕೋಲಾರ)

ಸೈಡ್‌ಚೈನ್ ಇರುವುದಾದರೆ 100 ಒಪ್ಪುತ್ತೇನೆ.

ಹುಳುಮನೆ (ಶಿಡ್ಲಘಟ್ಟ)

ಇಲ್ಲಿಯವರೆಗೆ ಎತ್ತರ ಮತ್ತು ಅಗಲದ ಮಾತಾಯಿತು; ಆಳದ ಬಗ್ಗೆ ನಾನು ಬರೆಯುತ್ತೇನೆ. ಎಲ್ಲ ಸದ್ದುಗಳೂ ಕೇಳುವವರ ಮುಖದ ಎದುರಿಗೇ ನಿಂತಿದ್ದರೆ ಅವುಗಳ ಹಿಂದೆ ಜಾಗವಿದೆ ಎಂಬ ಭಾವನೆಯೇ ಹುಟ್ಟುವುದಿಲ್ಲ. ಕೆಲವನ್ನು ಹಿಂದಕ್ಕೆ ಕಳಿಸಬೇಕು.

ನಮ್ಮದು ರೇಷ್ಮೆ ಮಾಡುವ ಮನೆ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಕೇಳಿದವರಿಗೆ ಅದು ಮರೆಯುವುದಿಲ್ಲ. ರಾತ್ರಿ ಹತ್ತರ ಸೊಪ್ಪು ಕೊಟ್ಟು ದೀಪ ಆರಿಸಿ ಬಾಗಿಲ ಬಳಿ ನಿಂತರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸರಸರ ಎನ್ನುವ ಸದ್ದು ಇಡೀ ಹುಳು ಮನೆಯಿಂದ ಬರುತ್ತದೆ. ಯಾವ ಮೂಲೆಯಿಂದ ಎಂದು ಹೇಳಲಾಗದು, ಎಲ್ಲ ಕಡೆಯಿಂದಲೂ ಇರುತ್ತದೆ. ಹೋದ ವರ್ಷ ಅದನ್ನು ಮೊಬೈಲಿನಲ್ಲಿಯೇ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡೆ. ಫ್ಯಾನಿನ ಗುಂಯ್ ಎನ್ನುವುದನ್ನು ತೆಗೆಯಲು 2,000 ಹರ್ಟ್ಜ್‌ನಲ್ಲಿ ಹೈಪಾಸ್ ಹಾಕಿ, ಬೇರೆ ಬೇರೆ ನಿಮಿಷದ ಎರಡು ತುಂಡುಗಳನ್ನು ಎಡಬಲಕ್ಕೆ ಇಟ್ಟು, ಸುಮ್ಮನೆ ಕೂತರೆ ಕೇಳಿಸುವುದೋ ಇಲ್ಲವೋ ಎನ್ನುವಷ್ಟು ಕೆಳಮಟ್ಟದಲ್ಲಿ ಒಂದು ಹಾಡಿನ ಅಡಿಗೆ ಹಾಸಿದೆ. ಅದನ್ನು ಹಾಸಿದ್ದು ಯಾರಿಗೂ ಗೊತ್ತಾಗಲಿಲ್ಲ, ಆದರೆ ಮ್ಯೂಟ್ ಮಾಡಿದ ಕೂಡಲೇ ತಂಗಿ ತಿರುಗಿ ನೋಡಿ, "ಏನೋ ನಿಂತುಹೋಯಿತಲ್ಲ ಅಕ್ಕ" ಎಂದಳು. ಹಾಡಿನ ಮೇಲ್ಭಾಗ ತುಂಬಲು ಹೈಹ್ಯಾಟ್‌ಗಳನ್ನು ಪೇರಿಸಬೇಕಿಲ್ಲ, ನಿಲ್ಲದೆ ಹರಿಯುವ ಇಂಥ ಒಂದು ತೆಳು ಪದರ ಸಾಕು. ನಿಮ್ಮ ಹತ್ತಿರ ಹುಳು ಮನೆ ಇರಲಿಕ್ಕಿಲ್ಲ, ತೆಂಗಿನ ತೋಟವಂತೂ ಇರುತ್ತದೆ. ಗಾಳಿಗೆ ಗರಿ ಅಲುಗುವ ಸದ್ದು ಇದಕ್ಕೆ ಬಹಳ ಚೆನ್ನಾಗಿ ಒದಗುತ್ತದೆ.

ಇನ್ನು ರಿವರ್ಬ್, ಅಂದರೆ ಕೋಣೆಯ ಮಾರ್ದನಿಯ ವಿಷಯ. ಪ್ರತಿ ಟ್ರ್ಯಾಕಿನ ಮೇಲೂ ಬೇರೆ ಬೇರೆ ರಿವರ್ಬ್ ಹಾಕಿದರೆ ಹತ್ತು ಮನೆಗಳ ಸದ್ದು ಒಂದೇ ಹಾಡಿನಲ್ಲಿ ಸೇರಿದಂತಾಗುತ್ತದೆ. ಸೆಂಡ್ ಮೂಲಕ (ಎಲ್ಲ ಟ್ರ್ಯಾಕ್ ಹಂಚಿಕೊಳ್ಳುವ ದಾರಿಯಲ್ಲಿ) ಎರಡೇ ಇಡಿ: ಒಂದು ಚಿಕ್ಕ ಕೋಣೆ, ಒಂದು ದೊಡ್ಡ ಸಭಾಂಗಣ. ದೊಡ್ಡದಕ್ಕೆ 30 ಮಿಲಿಸೆಕೆಂಡ್ ಪ್ರೀಡಿಲೇ (ಮಾರ್ದನಿ ಶುರುವಾಗುವ ಮುನ್ನದ ಬಿಡುವು) ಕೊಟ್ಟರೆ ಲೀಡ್ ಮುಂದೆಯೇ ಉಳಿಯುತ್ತದೆ, ಗೋಡೆ ಮಾತ್ರ ಹಿಂದೆ ಸರಿಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ 30 ಮಿಲಿಸೆಕೆಂಡ್ ಎಂದರೆ ಹೋಗಿ ಬರುವ ದಾರಿ ಹತ್ತು ಮೀಟರ್. ಗೋಡೆ ಐದು ಮೀಟರ್ ಆಚೆ ಇದೆ ಎಂದು ಕಿವಿಗೆ ಹೇಳಿದಂತಾಯಿತು. ರಿವರ್ಬ್‌ಗೆ ಹೋಗುವ ಸದ್ದಿಗೆ ಮಾತ್ರ 400 ಹರ್ಟ್ಜ್ ಆಸುಪಾಸಿನಲ್ಲಿ ಹೈಪಾಸ್ ಹಾಕಿ, ಇಲ್ಲದಿದ್ದರೆ ಈಗ ಕಷ್ಟಪಟ್ಟು ತುಂಬಿಕೊಳ್ಳುತ್ತಿರುವ ನಡುಭಾಗ ಕೆಸರಾಗುತ್ತದೆ. ಹೈಪಾಸ್ ನಿಜವಾಗಿ ಕೆಲಸಕ್ಕೆ ಬರುವ ಜಾಗ ಇದು.

ಪ್ಲಗಿನ್ನಿನ ಸಭಾಂಗಣ ನನಗೆ ಹಿಡಿಸುವುದಿಲ್ಲ. ಮದುವೆ ಮುಗಿದ ಮರುದಿನ ಪರಿಚಯದವರ ಕಲ್ಯಾಣ ಮಂಟಪ ಖಾಲಿಯಿದ್ದಾಗ ಅನುಮತಿ ಪಡೆದು, ವೇದಿಕೆಯ ಮೇಲೆ ಒಂದು ಬಲೂನ್ ಒಡೆದು, ಊಟದ ಹಾಲ್ ಕಡೆಯ ಬಾಗಿಲಲ್ಲಿ ನಿಂತು ರೆಕಾರ್ಡ್ ಮಾಡಿಕೊಂಡೆ. ಆ ಒಂದು ಸದ್ದನ್ನು ಕನ್ವಲ್ಯೂಶನ್ ರಿವರ್ಬ್‌ಗೆ ಕೊಟ್ಟರೆ ನನ್ನ ಸಿಂತ್ ಅದೇ ಮಂಟಪದಲ್ಲಿ ನುಡಿದಂತೆ ಕೇಳಿಸುತ್ತದೆ. ನಮ್ಮ ಕಡೆಯ ಕಿವಿಗಳಿಗೆ ಆ ಗೋಡೆಗಳು ಪರಿಚಿತ.

ಡಿಲೇ (ಪ್ರತಿಧ್ವನಿ) ಹಾಕುವಾಗ ನಡೆಯನ್ನು ಮರೆಯಬೇಡಿ. ಎಲ್ಲರೂ ಚುಕ್ಕಿ ಇರುವ ಎಂಟನೇ ಸ್ವರದ (ಬಡಿತದ ಮುಕ್ಕಾಲು ಪಾಲಿನ) ಡಿಲೇ ಹಾಕುತ್ತಾರೆ, ನಿಮ್ಮ ವೇಗಕ್ಕೆ ಅದು 375 ಮಿಲಿಸೆಕೆಂಡ್. ನಿಮ್ಮದು ತಿಶ್ರ ನಡೆ, ಒಂದು ಬಡಿತದಲ್ಲಿ ಮೂರು ಪೆಟ್ಟು, ಪೆಟ್ಟಿನಿಂದ ಪೆಟ್ಟಿಗೆ 167 ಮಿಲಿಸೆಕೆಂಡ್. ಡಿಲೇಯನ್ನು 333ಕ್ಕೆ ಇಟ್ಟರೆ ಪ್ರತಿಧ್ವನಿಗಳು ತಮಟೆಯ ಪೆಟ್ಟುಗಳ ಮೇಲೆಯೇ ಬಂದು ಕೂರುತ್ತವೆ. 375ರಲ್ಲಿ ಅವು ಪೆಟ್ಟಿನ ಅಂಚಿಗೆ ಎಡವುತ್ತವೆ, ನೀವು ಗದ್ದಲ ಎಂದಿರುವುದರಲ್ಲಿ ಇದರ ಪಾಲೂ ಇರಬಹುದು.

ಶಿರಾಗೇಟ್ (ತುಮಕೂರು)

ಅಕ್ಕ, ನನ್ನ ಡಿಲೇ 375ರಲ್ಲಿಯೇ ಇತ್ತು. ಈಗಲೇ ಬದಲಾಯಿಸಿ ಕೇಳಿದೆ, ವ್ಯತ್ಯಾಸ ಒಂದೇ ಸಲಕ್ಕೆ ತಿಳಿಯುತ್ತದೆ. ತಮಟೆಯ ಆರು ಪದರಗಳ ಬಗ್ಗೆ ಏನು ಮಾಡಲಿ? ಒಂದೊಂದೂ ಬೇರೆ ಬೇರೆ ಸ್ಯಾಂಪಲ್, ಎಲ್ಲವನ್ನೂ ಇಟ್ಟುಕೊಳ್ಳುವ ಆಸೆ ಇದೆ.

ಹುಳುಮನೆ (ಶಿಡ್ಲಘಟ್ಟ)

ಎರಡು ಸಾಕು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂತು. ಒಂದು ತಮಟೆ ಎಷ್ಟು ಬಗೆಯಾಗಿ ಮಾತನಾಡಬಲ್ಲದು ಎಂಬುದನ್ನು ಅಂಥವರ ಕೈಯಲ್ಲಿ ನೋಡಬೇಕು. ಒಂದು ಕೈಯ ದಪ್ಪ ಕೋಲು ಚರ್ಮದ ನಡುವಿನಿಂದ ತುಂಬು ನಾದವನ್ನು ಎಬ್ಬಿಸುತ್ತದೆ, ಇನ್ನೊಂದು ಕೈಯ ಉದ್ದನೆಯ ತೆಳು ಕಡ್ಡಿ ಅಂಚಿನಿಂದ ಚುರುಕಾದ ಸದ್ದನ್ನು ತೆಗೆಯುತ್ತದೆ. ಒಂದೇ ವಾದ್ಯದಲ್ಲಿ ಕೆಳಗೂ ಮೇಲೂ ಆಗಲೇ ಹಂಚಿಹೋಗಿದೆ. ಆರು ಸ್ಯಾಂಪಲ್ ಒಂದರ ಮೇಲೊಂದು ಬಿದ್ದರೆ ಪೆಟ್ಟಿನ ಮೊನೆಗಳು ಕೂದಲೆಳೆಯಷ್ಟು ಹಿಂದುಮುಂದಾಗಿ ಮೊಂಡಾಗುತ್ತವೆ. ನಡುವಿನ ಪೆಟ್ಟಿಗೆ ಒಂದು, ಅಂಚಿನ ಪೆಟ್ಟಿಗೆ ಒಂದು ಇಟ್ಟುಕೊಂಡು ಉಳಿದ ನಾಲ್ಕನ್ನು ತೆಗೆಯಿರಿ. ಸ್ವಂತವಾಗಿ ರೆಕಾರ್ಡ್ ಮಾಡುವುದಾದರೆ ಚರ್ಮವನ್ನು ಬೆಂಕಿಗೆ ಚೆನ್ನಾಗಿ ಕಾಯಿಸಿದ ಕೂಡಲೇ ಮಾಡಿ. ಆರಿದ ಮೇಲೆ ನಾದ ಇಳಿದುಹೋಗುತ್ತದೆ, ಯಾವ ಇಕ್ಯೂ (ಬೇರೆ ಬೇರೆ ಎತ್ತರದ ಸದ್ದನ್ನು ಏರಿಳಿಸುವ ಸಾಧನ) ಅದನ್ನು ಮರಳಿ ತರುವುದಿಲ್ಲ.

ಗುಬ್ಬಿ ಹಾರ್ಮೋನಿಯಂ

ಕಾಲದ ವಿಷಯವಾಗಿ ನನ್ನದೂ ಒಂದು ಮಾತು ಉಳಿದಿದೆ. ಮೊದಲ ಗಳಿಗೆಯಿಂದ ಕೊನೆಯವರೆಗೂ ತುಂಬಿರುವ ಹಾಡಿನಲ್ಲಿ ತುಂಬಿದ್ದು ಗೊತ್ತಾಗುವುದೇ ಇಲ್ಲ. ಪಲ್ಲವಿ ಮತ್ತೆ ಬರುವ ಮುನ್ನ ಒಂದು ಆವರ್ತ ಕಿಕ್ ಮತ್ತು ಬಾಸ್ ಎರಡನ್ನೂ ನಿಲ್ಲಿಸಿ, ಪ್ಯಾಡ್ ಅನ್ನು ಮೋನೊಗೆ ಇಳಿಸಿ, ಶ್ರುತಿಯ ಒಂದೇ ಎಳೆಯನ್ನು ಉಳಿಸಿ. ಆಮೇಲೆ ಎಲ್ಲವೂ ಒಟ್ಟಿಗೆ ಬಂದಾಗ ಮಟ್ಟವನ್ನು ಒಂದು ಡೆಸಿಬೆಲ್ ಕೂಡ ಏರಿಸದೆ ಹಾಡು ಎರಡರಷ್ಟಾಗಿ ಕೇಳಿಸುತ್ತದೆ.

ಕೇಳುವ ಮಟ್ಟದ ಬಗ್ಗೆಯೂ ಗಮನವಿರಲಿ. ಕಡಿಮೆ ಸದ್ದಿನಲ್ಲಿ ಕೇಳುವಾಗ ಕಿವಿಗೆ ಕೆಳಗಿನ ಸ್ವರಗಳು ಹೆಚ್ಚು ಕ್ಷೀಣವಾಗಿ ತೋರುತ್ತವೆ; ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಮನೆಯವರು ಮಲಗಿದ ಮೇಲೆ ಮೆಲ್ಲಗೆ ಕೇಳುತ್ತಾ ಬಾಸ್ ಏರಿಸಿದರೆ ಬೆಳಿಗ್ಗೆ ಅದು ಅತಿಯಾಗಿರುತ್ತದೆ. ಒಂದು ಮಟ್ಟ ಗೊತ್ತುಮಾಡಿಕೊಂಡು ಅಲ್ಲಿಯೇ ಕೆಲಸ ಮಾಡಿ.

ಶಿರಾಗೇಟ್ (ತುಮಕೂರು)

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. 46 ಟ್ರ್ಯಾಕ್‌ಗಳು ಈಗ 17 ಆಗಿವೆ. ಉಳಿದದ್ದು ಒಂದೇ ಪ್ಯಾಡ್, ಮೂರು ಸ್ಥಾಯಿಗೆ ಹರಡಿ ಹೈಪಾಸ್ ಅನ್ನು 110ಕ್ಕೆ ನಿಲ್ಲಿಸಿದ್ದೇನೆ, ಸೈಡ್‌ಚೈನ್ ಕಟ್ಟಿದ್ದೇನೆ. ಬಾಸ್‌ಗೆ ಸ್ಯಾಚುರೇಶನ್ ಕೊಟ್ಟ ಮೇಲೆ ಅಮ್ಮನ ಮೊಬೈಲಿನಲ್ಲಿಯೂ ಅದರ ಸ್ವರ ಹಿಡಿಯಲು ಬರುತ್ತದೆ. ತಮಟೆ ಬಾರಿಸುವ ನಮ್ಮೂರಿನ ಅಣ್ಣನೊಬ್ಬರನ್ನು ಕರೆಸಿ, ಹಿತ್ತಲಿನಲ್ಲಿ ಹುಲ್ಲು ಹೊತ್ತಿಸಿ ಚರ್ಮ ಕಾಯಿಸಿ, ಎರಡು ಸಲ ಬಾರಿಸಿಕೊಂಡು ಎಡಬಲಕ್ಕೆ ಇಟ್ಟಿದ್ದೇನೆ. ದೇವರಾಯನದುರ್ಗದ ದಾರಿಯಲ್ಲಿ ಬೆಳಗಿನ ಜಾವ ರೆಕಾರ್ಡ್ ಮಾಡಿದ ಕಾಡಿನ ಗಾಳಿ ಅಡಿಗೆ ಹಾಸಿದೆ. ಮೋನೊ ಬಟನ್ ಒತ್ತಿದರೆ ಅಗಲ ಹೋಗುತ್ತದೆ, ಆದರೆ ಯಾವ ಸದ್ದೂ ಕಾಣೆಯಾಗುವುದಿಲ್ಲ.

ಒಂದು ಕಡೆ ಮಾತ್ರ ತೊಡಕಿದೆ. ಲೀಡ್ ಬಂದಾಗ ತಮಟೆಯ ಅಂಚಿನ ಪೆಟ್ಟು ಹಿಂದಕ್ಕೆ ಹೋಗುತ್ತದೆ.

ಅಂತರಗಂಗೆ (ಕೋಲಾರ)

ಎರಡೂ 3,000 ಹರ್ಟ್ಜ್ ಸುತ್ತಮುತ್ತ ಕೂತಿರಬೇಕು. ಲೀಡ್‌ನ ಇಕ್ಯೂನಲ್ಲಿ ಅಲ್ಲಿ ಎರಡೂವರೆ ಡೆಸಿಬೆಲ್ ತಗ್ಗಿಸಿ, ತಮಟೆಯನ್ನು ಮುಟ್ಟಬೇಡಿ. ಸಾಲದಿದ್ದರೆ ಲೀಡನ್ನು ಒಂದು ಸ್ಥಾಯಿ ಕೆಳಗೆ ನುಡಿಸಿ ನೋಡಿ. ಬರುವ ಶನಿವಾರ ಕಾರ್ಯಕ್ರಮವೊಂದಕ್ಕೆ ಮಧ್ಯಾಹ್ನವೇ ಬಾಕ್ಸ್ ಕಟ್ಟುತ್ತೇವೆ. ಫೈಲ್ ಕಳಿಸಿ, ಮೈದಾನದಲ್ಲಿ ಜನ ಸೇರುವ ಮೊದಲು ಒಮ್ಮೆ ಪೂರ್ತಿ ಹಾಕಿ, ಹಿಂದಿನ ಬೇಲಿಯ ಹತ್ತಿರ ನಿಂತು ಕೇಳಿ ಹೇಳುತ್ತೇನೆ.

ಶಿರಾಗೇಟ್ (ತುಮಕೂರು)

ಕಳಿಸಿದ್ದೇನೆ ಸರ್. ಲೀಡನ್ನು ಕೆಳಗಿನ ಸ್ಥಾಯಿಯಲ್ಲಿ ನುಡಿಸಿದ ಇನ್ನೊಂದು ಫೈಲೂ ಜೊತೆಯಲ್ಲಿದೆ. ಎರಡನ್ನೂ ಹಾಕಿ ನೋಡಿ.